ಅಕ್ಕ ನನಗೆ ‘ರಿ’ ಹಚ್ಚಿದಳು

ಅಕ್ಕನಿಗೆ ಮರೆವು ಹತ್ತಿದೆ ಎಂದು ತಿಳಿದಾಗ ನನಗೆ ದುಃಖಕ್ಕಿಂತ ಮೊದಲು ಅವಸರ ಬಂತು. ಶಿಗ್ಗಾವಿಯಿಂದ ಅವಳ ಮಗಳು ಫೋನ್ ಮಾಡಿದ್ದಳು. “ಚಿಗವ್ವ, ಅವ್ವಗ ಮರವು ಬಾಳ ಆಗೈತಿ. ಮೊನ್ನೆ ನನ್ನ ಮುಖಾ ನೋಡಿ, ನೀವ್ಯಾರ್ರಿ ಅಂದ್ಲು. ನೀ ಒಮ್ಮೆ ಹೋಗಿ ನೋಡ್ಕೊಂಡ ಬಾ” ಎಂದಳು. ಫೋನ್ ಇಟ್ಟು ಹಾನಗಲ್ಲಿನ ನನ್ನ ಮನೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಹಾದುಹೋಗುವವರು ನನ್ನ ಮುಖ ನೋಡಿದ್ದರೆ ಪಾಪ, ಏನೋ ಸಂಕಟ ಬಂದಿದೆ ಎಂದುಕೊಳ್ಳುತ್ತಿದ್ದರು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹಿರೇಕೆರೂರಿನ ಬಸ್ಸಿನ ವೇಳೆ. ಅವಳು ಊರು ಮರೆಯಲಿ, ಮಕ್ಕಳನ್ನು ಮರೆಯಲಿ, ಆದರೆ ನನಗೆ ಅಂದ ಆ ಒಂದು ಮಾತನ್ನು ಮರೆಯುವ ಮೊದಲು ನಾನು ಅಲ್ಲಿ ಮುಟ್ಟಬೇಕು. ಅವಳ ಬಾಯಿಂದ ‘ತಪ್ಪಾತು’ ಎಂಬ ಶಬ್ದ ನನಗೆ ಬರಬೇಕಾಗಿತ್ತು. ಅದನ್ನು ಕೇಳದೆ ಅವಳನ್ನು ಮರೆವಿನ ಕೈಗೆ ಕೊಡಲು ನಾನು ತಯಾರಿರಲಿಲ್ಲ.

ನಾನು ಸಾಲಿ ಕಲಿಸಿ ನಿವೃತ್ತಳಾದವಳು. ಸಾಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ‘ಅಕ್ಕೋರು’ ಎನ್ನುತ್ತಾರೆ. ಹತ್ತಿಮತ್ತೂರಿನಲ್ಲಿ ನೌಕರಿ ಸುರುವಾಯಿತು, ಸವಣೂರಿನಲ್ಲಿ ಬಹಳ ವರ್ಷ ಕಳೆದೆ, ಕಡೆಗೆ ಹಾನಗಲ್ಲಿನಲ್ಲಿ ಮುಖ್ಯ ಅಕ್ಕೋರಾಗಿ ಮನೆ ಸೇರಿದೆ. ದೊಡ್ಡ ಮೀಸೆಯ ಯಜಮಾನರೂ ನನ್ನನ್ನು ಕಂಡರೆ ಗಾಡಿ ನಿಲ್ಲಿಸಿ “ಹೆಂಗದೀರಿ ಅಕ್ಕೋರ?” ಎನ್ನುತ್ತಿದ್ದರು. ಈ ‘ರಿ’ ಎಂಬ ಒಂದಕ್ಷರದ ಮೇಲೆ ನಮ್ಮ ಸೀಮೆಯ ಅರ್ಧ ಮರ್ಯಾದೆ ನಿಂತಿದೆ. ಮನೆಯವರಿಗೆ ‘ಬಾ’, ಮರ್ಯಾದಸ್ಥರಿಗೆ ‘ಬರ್ರಿ’. ಗಂಡ ತೀರಿಕೊಂಡಾಗ ನಾನಿನ್ನೂ ಹತ್ತಿಮತ್ತೂರಿನಲ್ಲಿದ್ದೆ. ವಯಸ್ಸು ಹೆಚ್ಚಿರಲಿಲ್ಲ, ಮಕ್ಕಳಾಗಿರಲಿಲ್ಲ. ಆಮೇಲೆ ನನ್ನನ್ನು ನೆಟ್ಟಗೆ ನಿಲ್ಲಿಸಿದ್ದು ಊರವರು ಹಚ್ಚುತ್ತಿದ್ದ ಆ ‘ರಿ’ಯೇ. ಮನೆಯೊಳಗೆ ವಿಧವೆ, ರಸ್ತೆಯಲ್ಲಿ ಅಕ್ಕೋರು. ಹಾಗಾಗಿ ನಾನು ಆದಷ್ಟು ರಸ್ತೆಯಲ್ಲೇ ಇರುತ್ತಿದ್ದೆ.

ಅಕ್ಕ ನನಗಿಂತ ಸಾಕಷ್ಟು ದೊಡ್ಡವಳು. ಅವಳನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಹೊಲ, ಹತ್ತಿ ವ್ಯಾಪಾರ, ಮಂದಿ ತುಂಬಿದ ಮನೆ. ಅವಳ ಮಗಳು ಹೈಸ್ಕೂಲಿನಿಂದ ಕಾಲೇಜು ಮುಗಿಯುವ ತನಕ ನನ್ನ ಬಳಿಯೇ ಇದ್ದು ಓದಿದಳು. ಆ ಹುಡುಗಿಯ ತಲೆಯ ಹೇನು ತೆಗೆದವಳು ನಾನು. ಗಣಿತದಲ್ಲಿ ನಪಾಸಾಗಿ ಅಡಿಗೆಮನೆಯ ಮೂಲೆಯಲ್ಲಿ ಕುಳಿತಾಗ ಬಯ್ದವಳೂ ನಾನೇ, ಬಯ್ದ ಮೇಲೆ ತುತ್ತು ಮಾಡಿ ಉಣ್ಣಿಸಿದವಳೂ ನಾನೇ. ಅವಳನ್ನು ಶಿಗ್ಗಾವಿಗೆ ಕೊಟ್ಟು ಲಗ್ನ ಮಾಡುವುದೆಂದು ನಿಶ್ಚಯವಾದಾಗ ಅಕ್ಕನಿಗಿಂತ ಹೆಚ್ಚು ಓಡಾಡಿದವಳು ನಾನು.

ಹಿರೇಕೆರೂರಿನ ಮನೆಯ ಮುಂದೆಯೇ ಹಂದರ ಹಾಕಿದ್ದರು. ಅರಿಷಿಣ ಹಚ್ಚುವ ಹೊತ್ತಿಗೆ ಮಣೆಯ ಮೇಲೆ ಕುಳಿತಿದ್ದ ಹುಡುಗಿ ನನ್ನ ಕೈ ಹಿಡಿದೆಳೆದು “ಚಿಗವ್ವ, ಮೊದಲ ನೀ ಹಚ್ಚು” ಎಂದಳು. ನಾನು ಬೇಡವೆಂದೆ. ಅವಳು ಬಿಡಲಿಲ್ಲ. ಬಟ್ಟಲಲ್ಲಿ ಬೆರಳು ಅದ್ದಿದ್ದೆ, ಅಷ್ಟೆ. ಹಿಂದಿನಿಂದ ಅಕ್ಕನ ದನಿ ಬಂತು. “ತಂಗಿ, ನೀ ಹಿಂದ ಸರಿ. ಮುತ್ತೈದೇರು ಮುಂದ ಬರ್ರಿ.”

ಸವಣೂರಿನಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಅಕ್ಕೋರೊಬ್ಬರು, ಮುಸಲ್ಮಾನರ ಮನೆಯ ಹೆಣ್ಣುಮಗಳು, ಪಕ್ಕದಲ್ಲೇ ನಿಂತಿದ್ದರು. ಅವರೇ ನನ್ನ ಮೊಣಕೈ ಹಿಡಿದು “ಬರ್ರಿ ಅಕ್ಕೋರ, ಹೊರಗ ಗಾಳಿಗೆ ಕುಂಡ್ರೂಣು” ಎಂದು ಕರೆದುಕೊಂಡು ಹೋದರು. ಬೆರಳಿಗೆ ಹತ್ತಿದ ಅರಿಷಿಣ ಎಲ್ಲಿ ಒರೆಸಬೇಕೆಂದು ತಿಳಿಯದೆ ಕೈಯನ್ನು ಸೀರೆಯಿಂದ ದೂರ ಹಿಡಿದುಕೊಂಡೇ ನಡೆದೆ. ಅಕ್ಕ ತಂಗಿಗೆ ‘ರಿ’ ಹಚ್ಚುವುದಿಲ್ಲ, ಅದು ನನಗೂ ಗೊತ್ತು. ಆದರೆ ಒಂದೇ ಉಸಿರಿನಲ್ಲಿ ನನಗೆ ‘ಸರಿ’, ಉಳಿದವರಿಗೆ ‘ಬರ್ರಿ’. ವರ್ಷಗಟ್ಟಲೆ ಕನ್ನಡ ವ್ಯಾಕರಣ ಕಲಿಸಿದವಳು ನಾನು. ಆ ಎರಡು ಕ್ರಿಯಾಪದಗಳ ನಡುವೆ ಎಷ್ಟು ಅಂತರವಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಸವ ಜಯಂತಿಯ ದಿನ ಮುಂದಿನ ಸಾಲಿನಲ್ಲಿ ಕುಳಿತು, ಶರಣರಿಗೆ ಮೈಲಿಗೆಯಿಲ್ಲ ಎಂಬ ಭಾಷಣಕ್ಕೆ ಚಪ್ಪಾಳೆ ತಟ್ಟುವ ಮನೆತನ ಅದು.

ಆಮೇಲೆ ನಾನು ಅಕ್ಕನ ಹೊಸ್ತಿಲು ತುಳಿಯಲಿಲ್ಲ. ಅವಳೇನೋ ಫೋನ್ ಮಾಡುತ್ತಿದ್ದಳು. “ಆರಾಮ ಅದಿಯೇನ? ಬಿಪಿ ಗುಳಗಿ ತಗೋತಿಯೇನ?” ನಾಗರ ಪಂಚಮಿಗೆ ಯಾರದೋ ಕೈಯಲ್ಲಿ ಉಂಡಿ ಕಳಿಸುತ್ತಿದ್ದಳು. ಏನೂ ಆಗಿಯೇ ಇಲ್ಲ ಎಂಬಂತೆ. ಅದೇ ನನಗೆ ಮೈ ಉರಿಸುತ್ತಿದ್ದದ್ದು. ಜಗಳವಾಡಿದ್ದರೆ ಸಹಿಸುತ್ತಿದ್ದೆ. ನನ್ನನ್ನು ಹಿಂದಕ್ಕೆ ತಳ್ಳಿದ್ದು ಅವಳಿಗೆ ಒಂದು ಸಂಗತಿಯಾಗಿಯೇ ಕಂಡಿರಲಿಲ್ಲ, ಕಸಬರಿಗೆಯನ್ನು ಬಾಗಿಲ ಹಿಂದೆ ಇಟ್ಟಷ್ಟು ಸಹಜವಾಗಿ ಅಂದಿದ್ದಳು. ಉಂಡಿಯನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟು ಡಬ್ಬಿ ತೊಳೆದು ವಾಪಸು ಕಳಿಸುತ್ತಿದ್ದೆ. ಬರಿ ಡಬ್ಬಿ ವಾಪಸು ಕೊಡಬಾರದೆಂಬ ನಮ್ಮ ಪದ್ಧತಿ ನನಗೆ ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ಬರಿದಾಗಿ ಕಳಿಸುತ್ತಿದ್ದೆ. ಅದನ್ನೂ ಅವಳು ಗಮನಿಸಿದಂತೆ ಕಾಣಲಿಲ್ಲ.

ನಿವೃತ್ತಿಯ ನಂತರ ಆ ಬಿಪಿ ಜಾಸ್ತಿಯೇ ಆಯಿತು. ಡಾಕ್ಟರು ಇನ್ನೊಂದು ಗುಳಿಗೆ ಬರೆದು, ಸುಮ್ಮನೆ ಮನೆಯಲ್ಲಿ ಕುಳಿತು ಕುದಿಯಬೇಡಿ, ಧ್ಯಾನಕ್ಕಾದರೂ ಹೋಗಿ ಎಂದರು. ನಾನು ಕುದಿಯುತ್ತಿದ್ದೇನೆಂದು ಅವರಿಗೆ ಯಾರು ಹೇಳಿದರೋ. ಹಾನಗಲ್ಲಿನ ಒಂದು ಸಮುದಾಯ ಭವನದಲ್ಲಿ ಬೆಳಿಗ್ಗೆ ಧ್ಯಾನದ ತರಗತಿ ನಡೆಯುತ್ತಿತ್ತು. ಹೇಳಿಕೊಡುವವರು ಯಾವುದೋ ಇಲಾಖೆಯಿಂದ ನಿವೃತ್ತರಾದ ಸಾಹೇಬರು. ಬಿಳಿ ಜುಬ್ಬಾ, ಮೆತ್ತಗಿನ ದನಿ. ನಮಗೆ ಚಾಪೆ, ಅವರಿಗೆ ಗಾದಿ ಹಾಕಿದ ಕುರ್ಚಿ. “ಕಣ್ಣು ಮುಚ್ಚಿ. ಈ ಕ್ಷಣದಲ್ಲಿ ಇರಿ” ಎನ್ನುತ್ತಿದ್ದರು. ಇರಿ ಎಂದರೆ ಇರುವುದೂ ಹೌದು, ಚುಚ್ಚುವುದೂ ಹೌದು. ನನಗೆ ಕಣ್ಣು ಮುಚ್ಚಿದ ಕೂಡಲೇ ಎರಡನೆಯ ಅರ್ಥವೇ ಬರುತ್ತಿತ್ತು. ಈ ಕ್ಷಣ ಎಲ್ಲಿಯದು, ಹಿರೇಕೆರೂರಿನ ಹಂದರ ಬಂದು ನಿಲ್ಲುತ್ತಿತ್ತು, ಮಣೆ, ಬಟ್ಟಲು, ಹಿಂದಿನಿಂದ ದನಿ.

ಒಂದು ದಿನ ಎಲ್ಲರೂ ಮನಸ್ಸಿನ ಭಾರ ಹೇಳಿಕೊಳ್ಳಬೇಕೆಂದರು. ನಾನೂ ಹೇಳಿದೆ. ಸಾಹೇಬರು ನಕ್ಕು “ನೊಂದಿದ್ದು ನೀವಲ್ಲ ತಾಯಿ, ನಿಮ್ಮ ಅಹಂ. ಅದನ್ನು ಬಿಟ್ಟುಬಿಡಿ” ಎಂದರು. ಒಳಗೊಳಗೇ ಹಲ್ಲು ಕಡಿದೆ. ಹಿಂದೆ ಸರಿ ಎಂದವಳದು ಸಂಪ್ರದಾಯ, ಸರಿದವಳದು ಅಹಂಕಾರ. ಯಾವ ಸೀಮೆಯ ನ್ಯಾಯ ಇದು? ಅಹಂಕಾರ ಬಿಡಿರಿ ಎಂಬ ಉಪದೇಶ ಯಾವಾಗಲೂ ಚಾಪೆಯ ಮೇಲೆ ಕುಳಿತವರಿಗೇ ಸಿಗುತ್ತದೆ. ಕುರ್ಚಿಯ ಮೇಲೆ ಕುಳಿತವರಿಗೆ ಯಾರಾದರೂ ಹೇಳಿದ್ದನ್ನು ನಾನು ಈ ವಯಸ್ಸಿನ ತನಕ ಕೇಳಿಲ್ಲ. ಹೆಂಗಸಿಗಂತೂ, ಅದರಲ್ಲೂ ಗಂಡ ಸತ್ತವಳಿಗೆ, ಬಿಡಲಿಕ್ಕೆ ಅಹಂ ಒಂದಾದರೂ ಮೊದಲು ಇರಬೇಕಲ್ಲ.

ತರಗತಿಯ ವಾರ್ಷಿಕೋತ್ಸವ ಬಂತು. ಬಾಗಿಲಿಗೆ ಕಟ್ಟಿದ ಬ್ಯಾನರಿನಲ್ಲಿ ಊರ ಮುಖಂಡರೊಬ್ಬರ ಫೋಟೋ ದೊಡ್ಡದಾಗಿ, ಸಾಹೇಬರದು ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ಬಿದ್ದಿತ್ತು. ಸಾಹೇಬರು ಅದನ್ನು ನೋಡಿದರು, ಮೈಕಿನವನ ಮೇಲೆ ರೇಗಿದರು, ಹೊಟ್ಟೆ ಸರಿಯಿಲ್ಲವೆಂದು ಕಾರ್ಯಕ್ರಮಕ್ಕೆ ಮೊದಲೇ ಮನೆಗೆ ಹೋದರು. ಆ ದಿನ ನನ್ನ ಧ್ಯಾನ ಬಹಳ ಚೆನ್ನಾಗಿ ಆಯಿತು.

ಆದರೂ ಸುಳ್ಳು ಹೇಳಬಾರದು, ಆ ಮನುಷ್ಯ ಹೇಳಿದ್ದರಲ್ಲಿ ಒಂದು ಮಾತು ನನಗೆ ಉಪಯೋಗಕ್ಕೆ ಬಂತು. ಸಿಟ್ಟು ಬಂದಾಗ ಅದರ ಕಥೆಯನ್ನು ಕೇಳುತ್ತ ಕೂರಬೇಡಿ, ಮೈಯಲ್ಲಿ ಅದು ಎಲ್ಲಿ ಕುಳಿತಿದೆ ನೋಡಿ ಎಂದಿದ್ದರು. ಕಲಿಸಿದವಳಿಗೆ ಕಲಿಯುವ ಚಟವೂ ಇರುತ್ತದೆ, ಮಾಡಿ ನೋಡಿದೆ. ನನ್ನ ಸಿಟ್ಟು ಕಿವಿಗೂ ದವಡೆಗೂ ನಡುವೆ ಬಿಸಿಯಾಗಿ ಕುಳಿತಿತ್ತು. ಅದನ್ನೇ ನೋಡುತ್ತ ಕುಳಿತರೆ ಸ್ವಲ್ಪ ಹೊತ್ತಿಗೆ ಆರುತ್ತಿತ್ತು. ಆರಿದ ಮೇಲೆ ಇನ್ನೊಂದು ಸಂಗತಿ ಕಾಣಿಸಿತು, ಅದು ನನಗೆ ಹಿಡಿಸಲಿಲ್ಲ. ಆ ಹಂದರ ಕಣ್ಣ ಮುಂದೆ ಬಂದಾಗಲೆಲ್ಲ ನಾನು ಅಕ್ಕನನ್ನು ನೋಡುತ್ತಿರಲಿಲ್ಲ, ಹುಡುಗಿಯನ್ನೂ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದೆ, ಅದೂ ಕುರ್ಚಿ ಹಾಕಿ ಕುಳಿತ ಬೀಗರ ಕಡೆಯಿಂದ. ಯಾರು ಯಾರು ನೋಡಿದರು, ನೋಡಿ ಏನಂದುಕೊಂಡರು, ಸವಣೂರಿನ ಅಕ್ಕೋರು ಊರಿಗೆ ಹೋಗಿ ಯಾರಿಗೆ ಹೇಳಿದರು. ನೋವಿನ ಪಕ್ಕದಲ್ಲಿ ಇನ್ನೊಂದು ಏನೋ ಕಾಲು ಚಾಚಿ ಕುಳಿತಿತ್ತು, ಇಷ್ಟು ವರ್ಷ ನೋವಿನ ಊಟವನ್ನು ಅದೇ ಉಂಡು ದಪ್ಪಗಾಗಿತ್ತು. ಆದರೆ ಪಕ್ಕದಲ್ಲಿ ಕುಳಿತದ್ದನ್ನು ಕಂಡ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಸಾಹೇಬರಿಗೆ ಈ ಮಾತು ಹೇಳಬೇಕೆಂದಿದ್ದೆ, ಅವರು ಆಮೇಲೆ ತರಗತಿಗೆ ಬರಲೇ ಇಲ್ಲ.

ಇಷ್ಟರಲ್ಲಿ ಶಿಗ್ಗಾವಿಯಿಂದ ಆ ಫೋನ್ ಬಂದದ್ದು. ಕಲಿತದ್ದೆಲ್ಲ ಅಲ್ಲೇ ಬಿಟ್ಟು ಮಾರನೆಯ ದಿನವೇ ಬಸ್ಸು ಹತ್ತಿದೆ. ತಿಳವಳ್ಳಿ ದಾಟುವ ತನಕ ನಾನು ಏನು ಕೇಳಬೇಕು, ಅವಳು ಏನು ಹೇಳಿಯಾಳು, ಅದಕ್ಕೆ ನಾನು ಎಷ್ಟು ಗಂಭೀರವಾಗಿ ತಲೆಯಾಡಿಸಬೇಕು ಎಂದು ತಾಲೀಮು ನಡೆಸಿದ್ದೆ. ಬೇಗ ಕ್ಷಮಿಸಬಾರದು ಎಂದೂ ಗೊತ್ತುಮಾಡಿಕೊಂಡೆ.

ಬಾಗಿಲು ತೆಗೆದವಳು ಅಕ್ಕನ ಸೊಸೆ. “ಬರ್ರಿ ಸಣ್ಣತ್ತಿ” ಎಂದು ನೀರು ಕೊಟ್ಟಳು. ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಆತು ಕುಳಿತು ಮೊರದ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದಳು. ಬಹಳ ಸೊರಗಿದ್ದಳು. ನನ್ನನ್ನು ಕಂಡವಳೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸ್ವಲ್ಪ ನೆಟ್ಟಗಾದಳು.

“ಬರ್ರಿ, ಕುಂಡ್ರಿ” ಎಂದಳು. “ಯಾವೂರಿಂದ ಬಂದ್ರಿ? ಬಸ್ಸಿಗೆ ಗದ್ಲ ಇತ್ತೇನ್ರಿ?”

ಹುಟ್ಟಿದಾಗಿನಿಂದ ನನ್ನನ್ನು ಏ ತಂಗಿ, ಬಾ ಇಲ್ಲಿ, ಹೋಗ ಅಲ್ಲಿ ಎಂದವಳು. ಆ ದಿನ ಅವಳು ನನಗೆ ಹಚ್ಚಿದಷ್ಟು ‘ರಿ’ಗಳನ್ನು ಹಾನಗಲ್ಲಿನ ಪೇಟೆಯಲ್ಲೂ ಯಾರೂ ಹಚ್ಚಿರಲಿಲ್ಲ. ಬೇಕಾಗಿದ್ದ ಮರ್ಯಾದೆ ಪೂರ್ತಿಯಾಗಿ ಸಿಕ್ಕಿತ್ತು, ಆದರೆ ಅದು ಬಂದದ್ದು ನಾನು ಯಾರೆಂದು ತಿಳಿಯದ್ದರಿಂದ. ಅಳು ಬರಬೇಕಾಗಿತ್ತು. ನನಗೆ ಬಂದದ್ದು ಸಿಟ್ಟು. ತಪ್ಪಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು.

“ಅಕ್ಕ, ನಾ” ಎಂದೆ. “ನಿನ್ನ ತಂಗಿ. ನಿನ್ನ ಮಗಳ ಲಗ್ನದಾಗ, ಅರಿಷಿಣ ಹಚ್ಚೂ ಹೊತ್ತಿನ್ಯಾಗ, ನೀ ನನಗ ಏನಂದಿ? ನೆನಪ ಮಾಡ್ಕೋ.”

ಅವಳು ಸೊಸೆಯ ಮುಖ ನೋಡಿದಳು. ಉತ್ತರ ಬಾರದ ಹುಡುಗರು ಪಕ್ಕದವರ ಪಾಟಿ ನೋಡುವ ಹಾಗೆ. “ಏನ್ರಿ? ನಾ ಏನ ಅಂದ್ನಿರಿ?”

“ಹಿಂದ ಸರಿ ಅಂದಿ.”

ಅವಳು ತಡಮಾಡಲಿಲ್ಲ. ಎರಡೂ ಕೈಗಳನ್ನು ನೆಲಕ್ಕೆ ಊರಿ, ಕುಳಿತಲ್ಲಿಂದಲೇ ಮೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹಿಂದೆ ಗೋಡೆಯಿತ್ತು, ಸರಿಯಲು ಜಾಗವಿರಲಿಲ್ಲ. ಓರೆಯಾಗಿ ಮೂಲೆಗೆ ಸರಿದು, ಮೊರವನ್ನೂ ಎಳೆದುಕೊಂಡು, ಇಷ್ಟು ಸಾಕೇನ್ರಿ ಎಂಬಂತೆ ನನ್ನನ್ನು ನೋಡಿದಳು.

ಸೊಸೆ ಬಂದು ನಡುವೆ ನಿಂತಳು. “ಬ್ಯಾಡ್ರಿ ಸಣ್ಣತ್ತಿ. ಅವರು ಈಗ ಯಾರ ಏನ ಹೇಳಿದ್ರೂ ಹಂಗ ಮಾಡ್ತಾರ್ರಿ” ಎಂದಳು. ದನಿಯಲ್ಲಿ ಬಯ್ಗುಳ ಇರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಚಹಾ ಕುಡಿದು ಹೊರಟೆ. ಅಕ್ಕ ಹಿಂದೆ ಸರಿಯುವುದನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ನೋಡಿ ಸುಖಪಟ್ಟಿದ್ದೆ. ಕಣ್ಣಾರೆ ಕಂಡ ದಿನ ಊಟ ಸೇರಲಿಲ್ಲ.

ಆಮೇಲೆ ಕೆಲವು ದಿನ ನನಗೆ ಮೋಸವಾಯಿತು ಎಂಬ ಭಾವನೆಯೇ ಇತ್ತು. ಜಗಳಕ್ಕೆ ಇಬ್ಬರು ಬೇಕು. ಅವಳು ತನ್ನ ಪಾಲನ್ನು ನನ್ನ ತಲೆಗೆ ಹಾಕಿ ಎದ್ದು ಹೋಗಿದ್ದಳು. ಅವಳು ಹೇಳಿದ ಮಾತು ಈಗ ಅವಳಲ್ಲಿ ಇರಲಿಲ್ಲ, ನನ್ನಲ್ಲಿ ಮಾತ್ರ ಇತ್ತು. ಹುಡುಗಿಯೂ ಅದನ್ನು ಎಂದೋ ಬಿಟ್ಟಿದ್ದಳು. ಸವಣೂರಿನ ಅಕ್ಕೋರಿಗೆ ಫೋನ್ ಮಾಡಿ ಕೇಳಿದರೆ ಅವರು “ಹೌದೇನ್ರಿ? ನನಗ ಆ ಲಗ್ನದ ಗೋಧಿ ಹುಗ್ಗಿ ಅಷ್ಟ ನೆನಪೈತ್ರಿ” ಎಂದರು. ಯಾರ ಕಣ್ಣುಗಳಿಗೆ ಹೆದರಿ ನಾನು ಇಷ್ಟು ವರ್ಷ ಸುಟ್ಟುಕೊಂಡಿದ್ದೆನೋ ಆ ಕಣ್ಣುಗಳು ಹುಗ್ಗಿ ನೋಡುತ್ತಿದ್ದವು. ನಗಬೇಕಾದ ಮಾತು, ನಗು ಬರಲಿಲ್ಲ.

ಮತ್ತೆ ಹೋದೆ. ಪ್ರೀತಿಯಿಂದ ಹೋದೆ ಎಂದರೆ ನನ್ನ ಬಾಯಿಗೇ ಹುಳಿಯಾಗುತ್ತದೆ. ಮರೆವಿನವರಿಗೂ ನಡುನಡುವೆ ಒಳ್ಳೆಯ ಗಳಿಗೆ ಬರುತ್ತವೆ, ಆಗ ಎಲ್ಲ ತಿಳಿಯುತ್ತದೆ ಎಂದು ಯಾರೋ ಹೇಳಿದ್ದರು. ಅಂಥ ಗಳಿಗೆಯಲ್ಲಿ ಹಿಡಿಯಬೇಕೆಂದು ಹೊಂಚು ಹಾಕಿ ಹೋದೆ. ಸಿಗಲಿಲ್ಲ. ಮತ್ತೂ ಹೋದೆ. ಹಾಗೆ ಹೋಗುವುದು ರೂಢಿಯಾಯಿತು. ಸಂತೆಯ ದಿನ ಸೊಸೆಗೆ ಹೊರಗೆ ಕೆಲಸವಿರುತ್ತಿತ್ತು, ನಾನು ಬಂದರೆ ಅವಳಿಗೂ ಕೈ ಬಿಡುವಾಗುತ್ತಿತ್ತು.

ಈ ಕ್ಷಣದಲ್ಲಿ ಬದುಕುವುದೆಂದರೆ ಏನೆಂದು ತಿಳಿಯಬೇಕಾದವರು ನನ್ನ ಅಕ್ಕನ ಪಕ್ಕದಲ್ಲಿ ಒಂದು ದಿನ ಕೂರಬೇಕು. ಅವಳಿಗೆ ನಿನ್ನೆ ಇರಲಿಲ್ಲ, ನಾಳೆ ಇರಲಿಲ್ಲ, ಧ್ಯಾನದವರು ಬಿಡಬೇಕೆಂದು ಹೇಳುವುದೆಲ್ಲ ತಾನಾಗಿ ಬಿಟ್ಟುಹೋಗಿತ್ತು. ಶಾಂತಿ ಬಂದ ಲಕ್ಷಣ ಮಾತ್ರ ಕಾಣಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬುತ್ತಿಗಂಟು ಹಿಡಿದು ಕುಳಿತವರಂತೆ ಇರುತ್ತಿದ್ದಳು. “ಹೊತ್ತಾತ್ರಿ, ಊರಿಗೆ ಹೋಗೂಣು. ಅವ್ವ ಹಾದಿ ನೋಡ್ತಿರ್ತಾಳ” ಎನ್ನುತ್ತಿದ್ದಳು. ಅವ್ವ ಸತ್ತು ಎಷ್ಟೋ ಕಾಲವಾಗಿತ್ತು. ಮೊದಮೊದಲು ನಾನು ಅಕ್ಕೋರ ಚಟಕ್ಕೆ ತಿದ್ದಲು ಹೋದೆ. “ಅವ್ವ ಇಲ್ಲ” ಎಂದೆ. ಅವಳು ಆಗಷ್ಟೇ ಸುದ್ದಿ ಕೇಳಿದವಳಂತೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ಆಮೇಲೆ ತಿದ್ದುವುದನ್ನು ನಿಲ್ಲಿಸಿದೆ. “ಬಸ್ಸು ಬರ್ಲಿ, ಹೋಗೂಣ್ರಿ” ಎನ್ನಲು ಕಲಿತೆ. ನನ್ನ ಬಾಯಿಗೂ ‘ರಿ’ ರೂಢಿಯಾಯಿತು. ನೀನು ಎಂದರೆ ಅವಳು ಗಾಬರಿಯಾಗುತ್ತಿದ್ದಳು, ಗುರುತಿಲ್ಲದ ಹೆಂಗಸು ಏಕವಚನದಲ್ಲಿ ಮಾತಾಡಿಸಿದರೆ ಯಾರಿಗಾದರೂ ಹಾಗೆಯೇ ಆಗುತ್ತದೆ.

ಜೊತೆಗೆ ಕುಳಿತು ಶೇಂಗಾ ಸುಲಿಯುವುದೊಂದೇ ನಮಗೆ ಉಳಿದ ಕೆಲಸ. ಅವಳು ಕಾಯಿ ಒಡೆದು ಕೆಲವು ಸಲ ಕಾಳನ್ನು ನೆಲಕ್ಕೆ ಹಾಕಿ ಸಿಪ್ಪೆಯನ್ನು ಡಬ್ಬಿಗೆ ಹಾಕುತ್ತಿದ್ದಳು. ನಾನು ಎದುರಿಗೆ ಕುಳಿತು ಸುಮ್ಮನೆ ಅದಲು ಬದಲು ಮಾಡುತ್ತಿದ್ದೆ. ಆ ಹೊತ್ತಿನಲ್ಲಿ, ಬೆರಳಿಗೆ ಕಾಯಿ ಸಿಕ್ಕು ಟಪ್ಪೆಂದು ಒಡೆಯುವಾಗ, ಹಂದರ ನೆನಪಿಗೆ ಬಾರದೆಯೇ ಬಹಳ ಹೊತ್ತು ಕಳೆದುಹೋಗುತ್ತಿತ್ತು. ಕಳೆದ ಮೇಲೆ ಗೊತ್ತಾಗುತ್ತಿತ್ತು. ಗೊತ್ತಾದ ಕೂಡಲೇ ನಾನು ಅದನ್ನು ಮತ್ತೆ ಹೋಗಿ ಕರೆದುಕೊಂಡು ಬರುತ್ತಿದ್ದೆ. ಅದಿಲ್ಲದೆ ಆ ಪಡಸಾಲೆಯಲ್ಲಿ ನಾನು ಯಾಕೆ ಕುಳಿತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ.

ಮೊನ್ನೆ ಸಂತೆಯ ದಿನ ಮಧ್ಯಾಹ್ನ ಹಾಗೆಯೇ ಕುಳಿತಿದ್ದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕ ಆ ದಿನ ಸಮಾಧಾನದಿಂದ ಇದ್ದಳು. ಬಂದವರನ್ನು ಮಾತಾಡಿಸಬೇಕಲ್ಲ ಎಂದು ಕೇಳಿದಳು.

“ನಿಮಗ ಅಕ್ಕ ತಂಗೇರು ಅದಾರೇನ್ರಿ?”

“ಒಬ್ಬಾಕಿ ಅಕ್ಕ ಅದಾಳ್ರಿ.”

“ಹೋಗಿ ಬಂದು ಮಾಡ್ತೀರಿಲ್ಲೋ?”

“ಇಲ್ರಿ. ಬಿಟ್ಟೇನಿ.”

“ಯಾಕ್ರಿ?”

ಕೇಳಿದವಳ ಮುಖ ನೋಡಿದೆ. ಹೊಂಚು ಹಾಕಿ ಕಾದವಳಿಗೆ ತಾನಾಗಿಯೇ ಬಾಗಿಲು ತೆರೆದಿತ್ತು. ಹೇಳಿದೆ. ಈ ಕಥೆಯನ್ನು ನಾನು ಸಾಲಿಯ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಧ್ಯಾನದ ಚಾಪೆಯ ಮೇಲೆ ಎಷ್ಟು ಮಂದಿಗೆ ಉಪ್ಪು ಖಾರ ಹಚ್ಚಿ ಹೇಳಿದ್ದೆ. ಹೇಳಿದಂತೆಲ್ಲ ಅಕ್ಕನ ದನಿ ಜೋರಾಗಿತ್ತು, ಹಂದರದ ಮಂದಿ ಹೆಚ್ಚಾಗಿದ್ದರು. ಆದರೆ ಅವಳ ಎದುರಿಗೆ, ಅವಳಿಗೇ ಹೇಳುವಾಗ, ಹಚ್ಚಲು ಏನೂ ಸಿಗಲಿಲ್ಲ. ಹುಡುಗಿ ನನ್ನ ಮನೆಯಲ್ಲಿ ಬೆಳೆದದ್ದು, ಕೈ ಹಿಡಿದು ಎಳೆದದ್ದು, ಬಟ್ಟಲಲ್ಲಿ ಬೆರಳು ಅದ್ದಿದ್ದು, ಹಿಂದಿನಿಂದ ಬಂದ ಮಾತು. ಮಾತು ಮೆಲ್ಲಗೆ ಬಂದಿತ್ತು. ಅದನ್ನೂ ಇದ್ದ ಹಾಗೆಯೇ ಹೇಳಿದೆ.

ಅಕ್ಕನ ಕೈ ನಿಂತಿತ್ತು. “ಹುಡುಗಿನ್ನ ನೀವ ಜ್ವಾಪಾನ ಮಾಡಿದ್ರೇನ್ರಿ?” ಎಂದು ಕೇಳಿದಳು.

“ಹೌದ್ರಿ.”

“ಅಷ್ಟ ಮಂದ್ಯಾಗ ಹಿಂದ ಸರಿ ಅಂದ್ಲೇನ್ರಿ?”

“ಅಂದ್ಲ್ರಿ.”

“ತಪ್ಪಾತ್ರಿ ಅದು” ಎಂದಳು ಅಕ್ಕ. “ಒಡಹುಟ್ಟಿದಾಕಿಗೆ ಹಂಗ ಅನಬಾರದಿತ್ತು. ಕರುಳ ಇಲ್ಲೇನ್ರಿ ಆಕಿಗೆ?”

ಬಂತು. ನಾನು ಇಷ್ಟು ವರ್ಷ ಕಾದಿದ್ದ ಶಬ್ದ, ಅದೇ ಬಾಯಿಂದ, ಅದೇ ದನಿಯಲ್ಲಿ. ಒಂದಕ್ಷರ ಕಡಿಮೆಯಿರಲಿಲ್ಲ, ಮೇಲಿಂದ ಒಂದು ‘ರಿ’ ಬೇರೆ. ‘ನಾನು’ ಎಂಬುದು ಅಡ್ಡ ಬಾರದಿದ್ದರೆ ನನ್ನ ಅಕ್ಕ ಎಂಥ ನ್ಯಾಯವಂತೆ ಎಂದು ಕಂಡುಬಿಟ್ಟೆ. ಕಂಡು ನನಗೇನೂ ಸಿಗಲಿಲ್ಲ. ಆ ಶಬ್ದ ನನಗೆ ಸಾಲಲಿಲ್ಲ. ಅಂದರೆ ನನಗೆ ಬೇಕಾಗಿದ್ದದ್ದು ಶಬ್ದವಲ್ಲ, ಅದನ್ನು ಹೇಳುವಾಗ ಅವಳು ತಲೆ ತಗ್ಗಿಸುವುದು ಬೇಕಾಗಿತ್ತು, ತಗ್ಗಿಸಿದ್ದನ್ನು ನಾನು ನೋಡುವುದು ಬೇಕಾಗಿತ್ತು. ಅವಳು ತಲೆಯೆತ್ತಿಕೊಂಡು, ನನ್ನ ಪರವಾಗಿ ಸಿಟ್ಟಾಗಿ, ಆ ಕರುಳಿಲ್ಲದವಳನ್ನು ಬಯ್ಯುತ್ತಿದ್ದಳು.

ಆಮೇಲೆ ಒಂದು ಕಾಯಿ ಒಡೆದು, ಕಾಳನ್ನು ನನ್ನ ಅಂಗೈಗೆ ಹಾಕಿ ಹೇಳಿದಳು. “ನನಗೂ ಒಬ್ಬಾಕಿ ತಂಗಿ ಅದಾಳ್ರಿ. ಸಾಲಿ ಅಕ್ಕೋರು. ಪಾಪ, ಸಣ್ಣ ವಯಸ್ಸಿನ್ಯಾಗ ಗಂಡ ಹೋದ. ಆಕಿ ಮನಸಿಗೆ ಹತ್ತೂ ಹಂಗ ನಾ ಎಂದೂ ಒಂದ ಮಾತ ಅಂದಾಕಿ ಅಲ್ಲ.” ಯಾಕೋ ಅನುಮಾನ ಬಂದವಳಂತೆ ನನ್ನ ಮುಖ ನೋಡಿದಳು. “ಅಂದಿಲ್ಲ ಹೌದಲ್ರಿ?”

ಕಿವಿಯ ಕೆಳಗೆ ಬಿಸಿ ಏರಿತು. ನಾಲಿಗೆ ತಯಾರಾಗಿ ನಿಂತಿತ್ತು. ಅಂದಿ, ನೀನೇ ಅಂದಿ ಎಂದು ಒಂದು ಮಾತು ಸಾಕಾಗಿತ್ತು. ಆಡಿದ್ದರೆ ಅವಳು ಅಳುತ್ತಿದ್ದಳು, ತಲೆಯನ್ನೂ ತಗ್ಗಿಸುತ್ತಿದ್ದಳು, ಸ್ವಲ್ಪ ಹೊತ್ತಿಗೆ ಮರೆಯುತ್ತಿದ್ದಳು, ಮುಂದಿನ ಸಂತೆಗೆ ನಾನು ಅದನ್ನು ಮತ್ತೆ ಮಾಡಿಸಬಹುದಾಗಿತ್ತು. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು. ನಾನು ಏನು ಹೇಳುತ್ತೇನೋ ಅದೇ ಅವಳ ಪಾಲಿಗೆ ನಡೆದದ್ದು, ಬೇರೆ ಸಾಕ್ಷಿ ಇಬ್ಬರಲ್ಲೂ ಇರಲಿಲ್ಲ.

“ಇಲ್ರಿ” ಎಂದೆ. “ನೀವ ಅಂದಿಲ್ಲ.”

“ಅದ ಮತ್ತ” ಎಂದಳು ಅಕ್ಕ. ಮುಖ ಸಡಿಲವಾಯಿತು, ಗೋಡೆಗೆ ಆತು ಕುಳಿತು ಇನ್ನೊಂದು ಕಾಯಿ ತೆಗೆದುಕೊಂಡಳು. ನಾನು ಅಂಗೈಯಲ್ಲಿದ್ದ ಕಾಳನ್ನು ಬಾಯಿಗೆ ಹಾಕಿಕೊಂಡೆ. ಹಸಿಯಾಗಿತ್ತು, ಸ್ವಲ್ಪ ಕಹಿಯಾಗಿತ್ತು, ಅಗಿದು ನುಂಗಿದೆ. ನಡೆದದ್ದು ಏನೆಂದು ಇನ್ನು ನನಗೊಬ್ಬಳಿಗೇ ಗೊತ್ತು, ಮತ್ತು ನಾನೇ ಅದಕ್ಕೆ ಇಲ್ಲ ಎಂದಿದ್ದೆ.